ಏಳನೇ ನಂಬರಿನ ತೇಗು

ಪಶು ಸಂಶೋಧನಾ ಕೇಂದ್ರದಲ್ಲಿ ಅವಳಿಗೆ ಬಿದ್ದ ಹೆಸರು ತೇಗಮ್ಮ. ಅದಕ್ಕೆ ಅವಳೇನೂ ಮುಖ ಸಿಂಡರಿಸಲಿಲ್ಲ. ಇಪ್ಪತ್ತಾರು ವರ್ಷ ಸಗಣಿ ಬಾಚಿದವಳಿಗೆ ಹಸುಗಳ ತೇಗು ಹಿಡಿಯುವ ಕೆಲಸ ಸಿಕ್ಕಿತ್ತು. ಅದೇನು ಸಣ್ಣ ಬಡ್ತಿಯೇ?

"ಹಸು ತೇಗಿದ್ರೆ ಮೀಥೇನ್ ಅನ್ನೋ ಗಾಳಿ ಬರುತ್ತೆ. ಅದ್ರಿಂದ ಭೂಮಿ ಬಿಸಿಯಾಗುತ್ತೆ" ಎಂದು ಪ್ರಯೋಗ ನಡೆಸುವ ಡಾಕ್ಟರಮ್ಮ ಮೊದಲ ದಿನವೇ ವಿವರಿಸಿದ್ದಳು.

"ನಮ್ಮ ಯಜಮಾನ್ರ ತೇಗೂ ಲೆಕ್ಕಕ್ಕಿದ್ಯಾ?"

"ಇಲ್ಲಮ್ಮ."

"ಸದ್ಯ, ಬಚಾವಾದ್ರು!"

ಕೊಟ್ಟಿಗೆಯಲ್ಲಿ ಎಂಟು ಹಸುಗಳು. ನಾಲ್ಕಕ್ಕೆ, ಮೀಥೇನ್ ಇಳಿಸಲೆಂದು, ಹಿಂಡಿಯ ಜೊತೆ ಬೆಳ್ಳುಳ್ಳಿ, ಲವಂಗಗಳಿಂದ ತೆಗೆದ ಸಾರ. ಉಳಿದ ನಾಲ್ಕಕ್ಕೆ ಬರೀ ಹಿಂಡಿ. ಎಲ್ಲದರ ಮೂಗಿನ ಬಳಿ ಸಣ್ಣ ಕೊಳವೆ, ಕುತ್ತಿಗೆಗೆ ಗಾಳಿ ಹಿಡಿಯುವ ಡಬ್ಬಿ. ದಿನವೂ ಬೆಳಿಗ್ಗೆ ಡಬ್ಬಿ ಬದಲಿಸುವುದು ತೇಗಮ್ಮನ ಕೆಲಸ. ನಿಯಮ ಒಂದೇ: ಹೊರಗಿನ ಒಂದು ಎಸಳು ಹುಲ್ಲೂ ಹಸುವಿನ ಬಾಯಿಗೆ ಹೋಗಕೂಡದು. ಹಿಂದಿನವನೊಬ್ಬ ಒಂದೇ ಒಂದು ಬಾಳೆಹಣ್ಣಿನ ಸಿಪ್ಪೆ ತಿನ್ನಿಸಿ, ಗೇಟು ಕಾಯುವ ಕೆಲಸಕ್ಕೆ ಹೋಗಿ, ಅಲ್ಲೇ ನಿವೃತ್ತನಾಗಿದ್ದ.

ಹಸುಗಳಿಗೆ ಹೆಸರಿಡುವಂತೆಯೂ ಇರಲಿಲ್ಲ, ನಂಬರು ಮಾತ್ರ. ಆದರೆ ಬರೀ ಹಿಂಡಿ ತಿನ್ನುವ ಏಳನೇ ನಂಬರನ್ನು ತೇಗಮ್ಮ ಗುಟ್ಟಾಗಿ ಸೊಸೆ ಎನ್ನುತ್ತಿದ್ದಳು. ಮಗನೇ ಇಲ್ಲದವಳಿಗೆ ಸೊಸೆ ಎಲ್ಲಿಂದ ಬಂದಳೆಂದು ಯಾರೂ ಕೇಳುವಂತಿರಲಿಲ್ಲ, ಗುಟ್ಟಲ್ಲವೇ!

ಮೂರು ತಿಂಗಳಾದ ಮೇಲೆ ಮೊದಲ ಫಲಿತಾಂಶ ಬಂದ ದಿನ ಡಾಕ್ಟರಮ್ಮ ತಲೆಯ ಮೇಲೆ ಕೈಹೊತ್ತು ಕೂತಳು. ಸಾರ ತಿಂದ ಹಸುಗಳ ಮೀಥೇನ್ ಇಳಿದಿತ್ತು, ಸರಿ. ಸಾರದ ವಾಸನೆಯನ್ನೂ ಕಾಣದ ಏಳನೇ ನಂಬರಿನದು ಅವಕ್ಕಿಂತಲೂ ಇಳಿದಿತ್ತು! ಗಾಳಿ ಅಳೆಯುವ ಮೆಷಿನ್ ಬಿಚ್ಚಿ ನೋಡಿದರು, ಡಬ್ಬಿ ಬದಲಾಯಿಸಿದರು, ಕೊಳವೆ ಊದಿ ನೋಡಿದರು. ಎಲ್ಲವೂ ಸರಿಯಾಗಿತ್ತು.

"ಸೋಮವಾರ ಸಮಿತಿಯವರು ಬರ್ತಾರೆ. ತಿಂದದ್ದಕ್ಕೂ ತಿನ್ನದ್ದಕ್ಕೂ ವ್ಯತ್ಯಾಸ ಇಲ್ಲ ಅಂತ ಪ್ರಯೋಗಾನೇ ಮುಚ್ಚಿಬಿಡ್ತಾರೆ. ನನ್ನ ಮೂರು ವರ್ಷ ನೀರಲ್ಲಿ ಹೋಮ" ಎಂದಳು ಡಾಕ್ಟರಮ್ಮ. ಆ ಹುಡುಗಿ ಲೆಕ್ಕದ ಪಟ್ಟಿಯನ್ನು ಮುಚ್ಚಿ ಪಕ್ಕಕ್ಕೆ ತಳ್ಳಿದಳು.

ತೇಗಮ್ಮ ಪೊರಕೆ ಹಿಡಿದು, ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದಳು. ವಿಷಯ ಗೊತ್ತಿದ್ದುದು ಅವಳೊಬ್ಬಳಿಗೇ. ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಅವಳ ಅಕ್ಕ ದಿನವೂ ರಾಶಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸೊಟ್ಟ ಎಸಳು, ಸಿಪ್ಪೆ ಎಲ್ಲ ತೇಗಮ್ಮನ ಸೆರಗಿನಲ್ಲಿ ಗಂಟಾಗಿ ಸೊಸೆಯ ಹೊಟ್ಟೆ ಸೇರುತ್ತಿದ್ದವು. ಬರೀ ಹಿಂಡಿ ತಿಂದು ನಾಲಿಗೆ ಕೆಟ್ಟಿರುತ್ತದಲ್ಲ, ಪಾಪ! ಆದರೆ ಬಾಯಿಬಿಟ್ಟರೆ ಕೊಟ್ಟಿಗೆ ಬಿಡಬೇಕು. ಸೊಸೆಯನ್ನೂ ಬಿಡಬೇಕು. ಬಾಯಿ ಮುಚ್ಚಿಕೊಂಡಿರೋಣವೆಂದರೆ ಎದುರಿಗೇ ಈ ಹುಡುಗಿ ಕಣ್ಣೊರೆಸಿಕೊಳ್ಳುತ್ತಿದೆ. 

ಪೊರಕೆ ಗೋಡೆಗೊರಗಿಸಿದಳು. "ಮೆಷಿನ್ನ ಬೈಬೇಡಿ. ಅದು ಸುಳ್ಳು ಹೇಳಿಲ್ಲ. ನಾನೇ ಕಳ್ಳಿ" ಎಂದು ಶುರುಮಾಡಿ ಎಲ್ಲವನ್ನೂ ಒಪ್ಪಿಸಿದಳು.

ಡಾಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. "ಯಾವತ್ತಿಂದ? ದಿನಕ್ಕೆಷ್ಟು?"

"ಪ್ರಯೋಗ ಶುರುವಾದ ಎರಡನೇ ದಿನದಿಂದ. ಮಧ್ಯಾಹ್ನ ಎರಡು ಮುಷ್ಟಿ. ಭಾನುವಾರ ಕ್ಯಾಂಟೀನ್ ರಜ, ಅವತ್ತು ಇಲ್ಲ."

ಡಾಕ್ಟರಮ್ಮ ಪಟ್ಟಿ ತೆರೆದಳು. ಪ್ರತಿ ಸೋಮವಾರ ಬೆಳಿಗ್ಗೆ ಬಿಚ್ಚಿದ, ಭಾನುವಾರದ ಗಾಳಿ ತುಂಬಿದ ಡಬ್ಬಿಯಲ್ಲೂ ಏಳನೆಯದರ ಮೀಥೇನ್ ಒಂದಿಷ್ಟು ಏರಿತ್ತು! ಅವಳು ನಗಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ನಡೆದದ್ದನ್ನು ವರದಿಯಲ್ಲಿ ಬರೆದು, ಏಳನೇ ನಂಬರನ್ನು ಲೆಕ್ಕದಿಂದ ತೆಗೆದಳು. ಉಳಿದ ಏಳು ಹಸುಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಸಮಿತಿ ತಲೆದೂಗಿತು, ಕೆಲಸ ಮುಂದುವರಿಯಿತು.

ನಿಯಮ ಮಾತ್ರ ನಿಯಮವೇ. ಮರುದಿನ ತೇಗಮ್ಮ ಗೇಟಿನ ಸ್ಟೂಲಿನ ಮೇಲೆ ಸೀಟಿ ಹಿಡಿದು ಕೂತಿದ್ದಳು. ಕೊಟ್ಟಿಗೆಯತ್ತ ನೋಡಬಾರದೆಂದುಕೊಂಡು ಅತ್ತಲೇ ನೋಡುತ್ತಿದ್ದಳು. ಹತ್ತು ಗಂಟೆಗೆ ಡಾಕ್ಟರಮ್ಮ ತಾನೇ ಹಗ್ಗ ಹಿಡಿದು ಬಂದಳು. ಹಿಂದೆ ಏಳನೇ ನಂಬರು, ಕುತ್ತಿಗೆಯಲ್ಲಿ ಡಬ್ಬಿಯಿಲ್ಲ, ಮೂಗಿನಲ್ಲಿ ಕೊಳವೆಯಿಲ್ಲ.

"ಪ್ರಯೋಗ ಕೆಡಿಸಿದ ಹಸುವನ್ನೂ ಕೊಟ್ಟಿಗೇಲಿ ಇಟ್ಕೊಳ್ಳೋ ಹಾಗಿಲ್ಲ. ಇನ್ಮೇಲೆ ಗೇಟಿನ ಪಕ್ಕದ ಬಯಲಲ್ಲೇ ಮೇಯುತ್ತೆ. ಇದಕ್ಕೀಗ ನಂಬರಿಲ್ಲ. ಏನಂತ ಬರ್ಕೊಳ್ಳಲಿ?"

ತೇಗಮ್ಮ ಸೀಟಿಯನ್ನು ಸ್ಟೂಲಿನ ಮೇಲಿಟ್ಟು ಎದ್ದು, ಹಗ್ಗವನ್ನು ತನ್ನ ಕೈಗೆ ತೆಗೆದುಕೊಂಡಳು. 

"ಸೊಸೆ ಅಂತ ಬರ್ಕೊಳ್ಳಿ" ಎಂದಳು.