ಅಂಗಡಿ ಮೇಲಿನ ಮನೆ, ಬಾಗಿಲಿಗೆ ಕಾರು

ಬಾಗಿಲು ನಾಲ್ಕು ಬೆರಳಷ್ಟು ತೆರೆದು ನಿಂತುಬಿಟ್ಟಿತು. ಇನ್ನೊಮ್ಮೆ ಒತ್ತಿದೆ. ಟಣ್ ಎಂದು ತಗಡಿನ ಸದ್ದು. ಸಂದಿಗೆ ಕಣ್ಣಿಟ್ಟು ನೋಡಿದರೆ ರಸ್ತೆಯೇ ಇಲ್ಲ, ಬಿಳಿ ಕಾರಿನ ಮೈ! ನಾವು ಕೊಡಗಿಗೆ ಬಂದು ಅದು ಮೂರನೆಯ ದಿನ, ಭಾನುವಾರ. ಯಜಮಾನರು ಮೊದಲ ಬಸ್ಸಿಗೇ ಹಾಸಿಗೆ ತರಲು ಮಡಿಕೇರಿಗೆ ಹೋಗಿದ್ದರು. ನಾನು ಹಾಲಿನ ಪಾತ್ರೆ ಹಿಡಿದು ಮೆಟ್ಟಿಲ ಬುಡದ ಕತ್ತಲಲ್ಲಿ ನಿಂತಿದ್ದೆ.

"ಯಾರ ಗಾಡಿರೀ ಇದು? ಸ್ವಲ್ಪ ಸರಸ್ರೀ!" ಎಂದು ಸಂದಿಯಿಂದಲೇ ಕೂಗಿದೆ.

"ಅವರು ತಿಂಡಿಗೆ ಹೋಗಿದ್ದಾರೆ ಅಕ್ಕ," ಎಂದು ಹೊರಗಿನಿಂದ ಗಂಡಸಿನ ದನಿ ಬಂತು. "ಬೆಂಗಳೂರಿನವರು ಅಲ್ವಾ, ಕೂತ್ರೆ ಏಳುದಿಲ್ಲ. ನಿಮಗೆ ಎಂತ ಬೇಕು?"

ಕೆಳಗೆ ಕಾಫಿಪುಡಿ, ಏಲಕ್ಕಿ, ಜೇನು ಮಾರುವ ಅಂಗಡಿಯ ಅಬ್ಬಾಸಣ್ಣ ಅವರು. ಸಂದಿಯಲ್ಲಿ ಪಾತ್ರೆ ತೂರಲಿಲ್ಲ, ಅವರು ತಂದುಕೊಟ್ಟ ಹಾಲಿನ ಪ್ಯಾಕೆಟ್ ತೂರಿತು. ಅಷ್ಟಾದರೂ ಆಯಿತಲ್ಲ ಶಿವನೇ ಎಂದು ಮೇಲೆ ಹತ್ತಿದೆ.

ನಾನು ಗದಗಿನ ಕಡೆಯವಳು. ಯಜಮಾನರು ಸರಕಾರಿ ಶಾಲೆಯ ಮಾಸ್ತರು. ವರ್ಗವಾಗಿ ಚೆಟ್ಟಳ್ಳಿ ಕಡೆಯ ಶಾಲೆಗೆ ಬಂದರು. ಮಗಳ ಮದುವೆ ಆಗಿತ್ತು, ನಾವಿಬ್ಬರೇ ಗಂಟು ಕಟ್ಟಿದೆವು. ಶಾಲೆಯ ಹತ್ತಿರ ಬಾಡಿಗೆ ಮನೆ ಸಿಗಲಿಲ್ಲ. ಅಲ್ಲಿರುವುದು ಕಾಫಿ ತೋಟ, ಕೆಲಸದವರ ಲೈನ್‌ಮನೆಗಳು, ಸಂಜೆಯಾದರೆ ಆನೆಯ ಭಯ. ಹಾಗಾಗಿ ಪೇಟೆಯಲ್ಲಿ, ಅಂಗಡಿಯ ಮೇಲಿನ ಮನೆ ಹಿಡಿದೆವು. ಪೇಟೆಯ ಹೆಸರು ಬರೆಯುವುದಿಲ್ಲ. ಬರೆದರೆ ಇಲ್ಲಿಯವರು ನನ್ನ ಕಿಟಕಿ ಯಾವುದೆಂದು ಬೆರಳು ಮಾಡಿ ತೋರಿಸುತ್ತಾರೆ.

ನಮ್ಮೂರಿನ ಓಣಿ ನಿಮಗೆ ಗೊತ್ತೇ ಇದೆ. ಬಾಗಿಲು ತೆಗೆದರೆ ಕಟ್ಟೆ, ಕಟ್ಟೆಯ ಮೇಲೆ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಎಣ್ಣೆ ಅಂಗಡಿ, ಹಿಟ್ಟಿನ ಗಿರಣಿ, ಮಠ, ಎಲ್ಲವೂ ಸೆರಗು ಸರಿಪಡಿಸಿಕೊಳ್ಳುವಷ್ಟರಲ್ಲಿ ಬರುತ್ತವೆ. ಇಲ್ಲಿಯೂ ಹಾಗೆಯೇ ಇರಬೇಕಿತ್ತು. ದವಾಖಾನೆ ಇದೇ ಬೀದಿಯಲ್ಲಿದೆ, ತರಕಾರಿ ಅಂಗಡಿ ಎದುರಿಗಿದೆ, ಬೀದಿಯ ತುದಿಗೆ ಈಶ್ವರನ ಗುಡಿ, ಅದರ ಅಂಗಳದಲ್ಲಿ ಬಿಲ್ವದ ಗಿಡ. ಹೆಚ್ಚೆಂದರೆ ಮುನ್ನೂರು ಹೆಜ್ಜೆ. ಆದರೆ ಆ ಮುನ್ನೂರು ಹೆಜ್ಜೆ ಇಡಲು ನೆಲವೇ ಇರಲಿಲ್ಲ. ಚರಂಡಿಯ ಮೇಲೆ ಅಲ್ಲಲ್ಲಿ ಕಲ್ಲು ಚಪ್ಪಡಿ ಹಾಸಿದ್ದರು. ಕಾರುಗಳು ಆ ಚಪ್ಪಡಿಯ ಮೇಲೇ ಚಕ್ರ ಏರಿಸಿ, ಗೋಡೆಗೆ ಮೈಯೊರಗಿಸಿ ನಿಲ್ಲುತ್ತಿದ್ದವು. ನಮ್ಮ ಬಾಗಿಲು ಹೊರಗೇ ತೆರೆಯಬೇಕು, ಒಳಗೆ ಹೊಸ್ತಿಲಿಗೇ ಮೆಟ್ಟಿಲು ಶುರುವಾಗುತ್ತದೆ. ಶುಕ್ರವಾರ ಮಧ್ಯಾಹ್ನ ಪ್ರವಾಸಿಗರು ಬರಲು ಶುರುವಾದರೆ ಸೋಮವಾರದವರೆಗೂ ನಾನು ಮೇಲೆಯೇ.

ನಮ್ಮಲ್ಲಿ ಕೊರಳಲ್ಲಿ ಲಿಂಗ ಇರುತ್ತದೆ, ಪೂಜೆಗೆ ಗುಡಿಗೆ ಹೋಗಲೇಬೇಕೆಂದಿಲ್ಲ. ಆದರೆ ಸೋಮವಾರ ಪತ್ರೆ ಇಲ್ಲದೆ ಬರೀ ವಿಭೂತಿ ಹಚ್ಚಿ ಕೈ ಮುಗಿಯುವಾಗ ಸಂಕಟವಾಗುತ್ತಿತ್ತು. ಅಂಗೈಯಲ್ಲಿನ ಲಿಂಗಕ್ಕೆ, "ನೀನೂ ನನ್ನ ಸಂಗಡ ಸಿಕ್ಕಿಕೊಂಡಿ ನೋಡಪ್ಪಾ," ಅನ್ನುತ್ತಿದ್ದೆ. ಮಳೆಗಾಲದಲ್ಲಿ ಕಿಟಕಿಯ ಗಾಜಿಗೆ ಮಂಜು ಕೂತರೆ ಬೀದಿಯೂ ಕಾಣದು. ಒಲೆಯ ಪಕ್ಕ ಒಣಹಾಕಿದ ಸೀರೆ ಮೂರು ದಿನವಾದರೂ ಒಣಗದು. ನಮ್ಮ ಕಡೆ ಬಿಸಿಲನ್ನು ಬೈದುಕೊಂಡೇ ಬೆಳೆದವಳು ನಾನು, ಇಲ್ಲಿ ಒಂದು ತುಂಡು ಬಿಸಿಲು ಬಿದ್ದರೆ ಅದರಲ್ಲಿ ಪಾದ ಇಟ್ಟು ಕೂರುತ್ತಿದ್ದೆ. ಅದೂ ಶಿವನ ದಯೆಯೇ.

ಒಂದು ದಿನ ಪಂಚಾಯಿತಿಯಿಂದ ಇಬ್ಬರು ಟೇಪು ಹಿಡಿದು ಬಂದರು. ಒಬ್ಬರು ನಮ್ಮ ಕಿಟಕಿಯತ್ತ ಕೈ ತೋರಿಸಿ, "ಮೇಲೆ ಎಂತ ಉಂಟು? ಗೋಡೌನಾ?" ಎಂದರು.

"ಗೋಡೌನಲ್ಲ ಸಾರ್, ಮೇಷ್ಟ್ರ ಮನೆ," ಎಂದರು ಅಬ್ಬಾಸಣ್ಣ. "ಮಾತಾಡುವ ಸಾಮಾನು ಉಂಟು ಒಳಗೆ."

ನಾನು ಕಿಟಕಿಯಿಂದಲೇ, "ಎಲ್ಲಾ ಕೇಳಾಕತ್ತೇತಿ ಅಬ್ಬಾಸಣ್ಣಾರ!" ಎಂದೆ. ಮೂವರೂ ನಕ್ಕರು. ಆಮೇಲೆ ಅವರು ಕೆಳಗಿನಿಂದ, ನಾನು ಮೇಲಿನಿಂದ, ಹಾಗೆಯೇ ಮಾತಾಯಿತು. ಚರಂಡಿ ಮುಚ್ಚಿ ಎರಡೂ ಕಡೆ ಅಗಲವಾದ ಕಾಲುದಾರಿ ಮಾಡುತ್ತಾರಂತೆ. ಕಾರುಗಳೆಲ್ಲ ಹಳೆಯ ಸಂತೆ ಮೈದಾನದಲ್ಲಿ ನಿಲ್ಲಬೇಕಂತೆ, ಬಂದವರು ನಡೆದು ಬರಬೇಕಂತೆ. ಕೆಳಗೆ ಅಂಗಡಿ, ಮೇಲೆ ಸಂಸಾರ, ಪೇಟೆ ಮತ್ತೆ ಮೊದಲಿನ ಹಾಗೆ ಆಗಬೇಕಂತೆ.

"ಇಷ್ಟಕ್ಕ ದೊಡ್ಡ ನಕ್ಷಾ ಯಾಕ್ರೀ?" ಎಂದೆ. "ನಮ್ಮ ಓಣಿ ನೋಡಿ ಬರ್ರಿ. ಪುಕ್ಕಟೆ ಐತಿ."

ಅಂಗಡಿಯವರು ಒಪ್ಪಲಿಲ್ಲ. ಕಾರು ಎದುರಿಗೆ ನಿಲ್ಲದಿದ್ದರೆ ಯಾರು ಇಳಿದು ಬರುತ್ತಾರೆ ಎಂಬುದು ಅವರ ಭಯ. ಅಬ್ಬಾಸಣ್ಣನೇ ಎಲ್ಲರಿಗಿಂತ ಗಟ್ಟಿಯಾಗಿ ಬೇಡ ಎಂದಿದ್ದರು. ಗ್ರಾಮಸಭೆಗೆ ಯಜಮಾನರ ಹಿಂದೆ ನಾನೂ ಹೋದೆ. ಜನ್ಮದಲ್ಲಿ ಸಭೆಯಲ್ಲಿ ಬಾಯಿ ತೆರೆದವಳಲ್ಲ. ಯಾರೋ "ಹೆಂಗಸರು ಏನಾದ್ರೂ ಹೇಳುದುಂಟಾ?" ಅಂದಾಗ ಕಾಲು ತಾನಾಗಿಯೇ ಎದ್ದು ನಿಂತಿತು.

"ಕಾರಿನವರು ವರ್ಷಕ್ಕೊಮ್ಮೆ ಬರ್ತಾರ. ನಾ ದಿನಾ ಬರೋ ಗಿರಾಕಿ. ನನ್ನ ಬಾಗಲಾ ತೆಗೀಗೊಡ್ರಿ, ಅಬ್ಬಾಸಣ್ಣಾರ ಏಲಕ್ಕಿ ನಾನಽ ಖಾಲಿ ಮಾಡತೀನಿ," ಎಂದೆ.

ಸಭೆಯೆಲ್ಲ ನಕ್ಕಿತು. ಅಬ್ಬಾಸಣ್ಣ ತಲೆ ಕೆರೆದುಕೊಂಡು, "ಆಯ್ತು ಮಾರಾಯ್ರೆ, ಒಂದು ವರ್ಷ ನೋಡುವ," ಎಂದರು. ಮಳೆ ನಿಂತ ಮೇಲೆ ಕೆಲಸ ಶುರುವಾಗಿ ಒಂದೆರಡು ತಿಂಗಳಲ್ಲಿ ಮುಗಿಯಿತು, ಕಾರುಗಳು ಸಂತೆ ಮೈದಾನ ಸೇರಿದವು.

ಆಮೇಲಿನ ಆರು ತಿಂಗಳನ್ನು ನಾನು ಸುಖವೆಂದೇ ಲೆಕ್ಕ ಹಿಡಿದಿದ್ದೇನೆ. ಶನಿವಾರ ಜನ ತುಂಬಿದ ಹೊತ್ತಿನಲ್ಲೇ ಕೈಬೀಸಿಕೊಂಡು ಹೋಗಿ ಕೊತ್ತಂಬರಿ ತಂದೆ. ಸೋಮವಾರ ನಸುಕಿನಲ್ಲೇ ಪತ್ರೆ ಕಿತ್ತು ತಂದೆ. ದಾರಿಯಲ್ಲಿ ಪರಿಚಯವಾದ ಕೊಡವ ಅಮ್ಮನೊಬ್ಬರು ಕಡಂಬುಟ್ಟು ಮಾಡುವುದನ್ನು ಹೇಳಿಕೊಟ್ಟರು. ಅದು ಅಕ್ಕಿತರಿಯ ಉಂಡೆ ಕಡುಬು. ನಾನು ಅವರಿಗೆ ಶೇಂಗಾ ಚಟ್ನಿ ಕೊಟ್ಟೆ. ಜನ ನಡೆಯತೊಡಗಿದ ಮೇಲೆ ಅಬ್ಬಾಸಣ್ಣನ ವ್ಯಾಪಾರವೂ ಏರಿತು. "ಕಾರಲ್ಲಿ ಕೂತವರು ಬರೀ ನೋಡ್ತಿದ್ರು, ನಡೆಯುವವರು ಮೂಸಿ ನೋಡ್ತಾರೆ ಅಕ್ಕ. ಮೂಸಿದ್ರೆ ತಗೊಳ್ತಾರೆ," ಅನ್ನುತ್ತಿದ್ದರು.

ಆಗ ಮನೆಯ ಒಡತಿ ಪೂವಮ್ಮ ಬಂದರು. ಬಿಟ್ಟಂಗಾಲದಲ್ಲಿ ಅವರ ತೋಟ. ಜೀಪನ್ನು ಮೈದಾನದಲ್ಲಿ ಬಿಟ್ಟು ನಡೆದು ಬಂದಿದ್ದರು. ಕಾಫಿ ಕುಡಿದು ಲೋಟ ಕೆಳಗಿಟ್ಟು ಹೇಳಿದರು:

"ನೀಲಮ್ಮ, ಮೇಲೆ ಕಾಫಿ ಹೋಟೆಲು ಮಾಡ್ತೇನೆ ಅಂತ ಒಬ್ಬರು ಕೇಳ್ತಾ ಇದ್ದಾರೆ. ರಸ್ತೆ ಕಡೆ ಕಿಟಕಿ ಬೇಕಂತೆ. ಈಗ ಬೀದಿ ನೋಡ್ಲಿಕ್ಕೆ ಚಂದ ಉಂಟಲ್ವಾ."

"ಆ ಚಂದಕ್ಕ ಸಭಾದಾಗ ಎದ್ದು ನಿಂತಾಕಿ ನಾನಽ ಅಲ್ಲೇನ್ರಿ ಪೂವಮ್ಮಾರ?"

"ಗೊತ್ತುಂಟು. ಅದಕ್ಕೇ ನಾನೇ ಬಂದು ಹೇಳುದು. ಬೇರೆಯವರಾದ್ರೆ ಫೋನಲ್ಲೇ ಮುಗಿಸ್ತಿದ್ದೆ." ಅವರು ಹಿಂದಕ್ಕೆ ಕೈ ತೋರಿಸಿದರು. "ಹಿಂದಿನ ಎರಡು ಕೋಣೆ ಬೇಕಾದ್ರೆ ನಿಮಗೇ ಇರ್ಲಿ. ಅಲ್ಲಿ ಕಿಟಕಿಗೆ ಧರೆ ಅಡ್ಡ ಉಂಟು, ಹೋಟೆಲಿನವರಿಗೆ ಬೇಡ."

ಧರೆ ಎಂದರೆ ಗುಡ್ಡವನ್ನು ಕಡಿದು ಉಳಿದ ಮಣ್ಣಿನ ಗೋಡೆ. ಕಿಟಕಿಯಿಂದ ಕೈ ಚಾಚಿದರೆ ತಾಗುತ್ತದೆ.

ಸಂಜೆ ಯಜಮಾನರು ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿದೆ. "ಸಾಕು ಬಿಡು," ಎಂದರು. "ಈ ಸಲ ವರ್ಗಾವಣೆಗೆ ಅರ್ಜಿ ಹಾಕೂಣು. ಊರಿಗೆ ಹೋಗೂಣು."

ಊರು! ಎರಡು ದಿನ ಅದನ್ನೇ ನೆನೆದು ಕುಣಿದೆ. ಮೂರನೆಯ ದಿನ, ಹಿಂದೆ ಯುಗಾದಿಗೆ ಊರಿಗೆ ಹೋದಾಗ ಕಂಡದ್ದು ನೆನಪಾಯಿತು. ಓಣಿಯ ಮನೆಯನ್ನು ಮೈದುನ ಮಾರಿ ಬೈಪಾಸಿನಾಚೆ ಹೊಸ ಬಡಾವಣೆಯಲ್ಲಿ ಕಟ್ಟಿಸಿದ್ದಾನೆ. ನಮಗೂ ಅಲ್ಲಿ ಪಕ್ಕದ ಜಾಗ ಇಟ್ಟಿದ್ದಾನೆ. ಮನೆ ದೊಡ್ಡದು, ಬಾಗಿಲು ಸಾಗವಾನಿ. ಆದರೆ ಅವನ ಹೆಂಡತಿ, ನನ್ನ ನೆಗೆಣ್ಣಿ, ಕರಿಬೇವಿಗೂ ಅವನ ಬೈಕಿನ ದಾರಿ ಕಾಯುತ್ತಾ ಕೂರುತ್ತಾಳೆ. ಸುತ್ತ ಬರೀ ಮನೆ, ಒಂದು ಅಂಗಡಿ ಇಲ್ಲ. ಹೆದ್ದಾರಿ ದಾಟಿ ಮಠಕ್ಕೆ ನಡೆದು ಹೋಗಲು ಅವಳಿಗೆ ಧೈರ್ಯವಿಲ್ಲ. "ಅಕ್ಕಾ, ಇಲ್ಲೆ ಗ್ವಾಡಿ ಸಂಗಡ ಮಾತಾಡಬೇಕವಾ," ಅಂದಿದ್ದಳು.

ಇಲ್ಲಿ ಉಳಿದರೆ ಮಣ್ಣಿನ ಗೋಡೆ, ಅಲ್ಲಿ ಹೋದರೆ ಬಣ್ಣ ಬಳಿದ ಗೋಡೆ. ಇಲ್ಲಿ ಕೆಳಗಿಳಿದರೆ ಮುನ್ನೂರು ಹೆಜ್ಜೆಯಾದರೂ ನನ್ನವು.

"ಹಿಂದಿನ ಕೋಣಿ ಇರಲಿ," ಎಂದೆ.

ಯಜಮಾನರು ನನ್ನ ಕೊರಳಿನತ್ತ ನೋಡಿದರು. "ನಿನ್ನ ಲಿಂಗಪ್ಪ ಏನಂತಾನ?"

"ಅವಗೇನ್ರಿ, ಎಲ್ಲಿದ್ದರೂ ಕೊರಳಾಗಽ ಇರ್ತಾನ."

ಅರ್ಜಿ ಹಾಕಲಿಲ್ಲ. ಈಗ ನಾವು ಹಿಂದೆ ಇದ್ದೇವೆ. ಹಗಲೂ ದೀಪ ಹಾಕಬೇಕು. ಧರೆಯಿಂದ ನೀರು ಜಿನುಗುತ್ತದೆ, ಜರಿಗಿಡ ಬೆಳೆದಿದೆ, ಹಸಿರು ಕಣ್ಣಿಗೆ ತಂಪು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಮುಂದೆ ಬೀದಿ ತುಂಬಾ ಜನ ನಡೆಯುವುದು ಕೇಳಿಸುತ್ತದೆ, ಕಾಣಿಸುವುದಿಲ್ಲ. ನೋಡಬೇಕೆನಿಸಿದರೆ ಮೆಟ್ಟಿಲ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುವವರನ್ನು "ಸ್ವಲ್ಪ ಜಾಗ ಬಿಡಿ" ಎಂದು ದಾಟಿ ಇಳಿಯಬೇಕು. ಕೆಲವು ದಿನ ಅಷ್ಟು ಜನರನ್ನು ಏಳಿಸಲು ಮನಸ್ಸಾಗದೆ ಅರ್ಧದಿಂದಲೇ ತಿರುಗಿ ಬರುತ್ತೇನೆ.

ಮೊನ್ನೆ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಾಗ ಒಬ್ಬ ಹೆಣ್ಣುಮಗಳು ಹೋಟೆಲಿನ ಕೈತೊಳೆಯುವ ಜಾಗ ಹುಡುಕುತ್ತಾ ನಮ್ಮ ಅಡುಗೆಮನೆಗೆ ಇಣುಕಿದಳು.

"ಅಯ್ಯ ಶಿವನ! ರೊಟ್ಟಿ ಸಪ್ಪಳ! ನೀವು ನಮ್ಮ ಕಡೆಯವರೇನ್ರಿ ಅಕ್ಕಾರ?"

ಹುಬ್ಬಳ್ಳಿಯವಳಂತೆ. ಬಿಸಿ ರೊಟ್ಟಿಗೆ ಚಟ್ನಿಪುಡಿ, ಎಣ್ಣೆ ಹಾಕಿ ಕೊಟ್ಟೆ. ನಿಂತುಕೊಂಡೇ ತಿಂದಳು. "ಪುಣ್ಯಾ ಮಾಡೀರಿ ನೋಡ್ರಿ. ಎಂಥಾ ಚೆಂದನ ಪ್ಯಾಟಿ! ಆರಾಮ ಅಡ್ಡಾಡಕೋತ ಹೋಗಬಹುದು. ನಮ್ಮಲ್ಲಿ ಎಲ್ಲೈತ್ರಿ ಇದು?" ಎಂದವಳು ಕೈ ತೊಳೆಯುತ್ತಾ ಕೇಳಿದಳು: "ಮತ್ತ ಊರಿಗೆ ಯಾವಾಗ ಹೊಂಟ್ರಿ?"

"ಎಂತ ಹೇಳುದು," ಎಂದೆ, ಇಲ್ಲಿಯವರ ಹಾಗೆಯೇ.

ಅವಳು ಬಿದ್ದು ಬಿದ್ದು ನಕ್ಕಳು. "ನಿಮ್ಮ ಮಾತು ಕೆಟ್ಟೈತ್ರಿ ಅಕ್ಕಾರ!"

ನಾನೂ ನಕ್ಕೆ. ಅವಳು ಹೋದ ಮೇಲೆ ಮುಂದಿನ ರೊಟ್ಟಿ ಬಡಿಯುತ್ತಾ ಅದನ್ನೇ ನಮ್ಮ ಮಾತಿನಲ್ಲಿ ಹೇಳಿ ನೋಡಿದೆ. ಏನ್ ಹೇಳೂದವ್ವಾ. ಮಾತು ಸರಿಯಾಗಿಯೇ ಬಂತು. ಅವಳು ಕೇಳಿದ್ದಕ್ಕೆ ಉತ್ತರ ಮಾತ್ರ ಎರಡು ಮಾತಿನಲ್ಲೂ ಬರಲಿಲ್ಲ.