ಕಲ್ ಎಂದರೆ ನಿನ್ನೆ

ಮಾಸ್ತರರ ಕೆಂಪು ರೂಮಿ ಟೋಪಿಯ ಅಂಚಿನ ಕೆಳಗೆ ಹಣೆಯ ಅಂಗಾರದ ಕಪ್ಪು ಗೆರೆಯ ತುದಿ ಇಣುಕುತ್ತಿತ್ತು. ಹೀಗೆಂದು ನಾನು ಹಲವರಿಗೆ ಹೇಳಿದ್ದೇನೆ. ಆದರೆ ಅದನ್ನು ನಿಜವಾಗಿ ಕಂಡೆನೋ, ಆಮೇಲೆ ಕಟ್ಟಿಕೊಂಡೆನೋ ಈಗ ಹೇಳಲಾರೆ. ಅವರು ಶಾಲೆಗೆ ಹೊರಡುವ ಮೊದಲು ಹಣೆ ಒರೆಸಿಕೊಂಡೇ ಹೋಗುತ್ತಿದ್ದರು ಎಂಬುದು ನನ್ನ ಅಕ್ಕನ ವಾದ. ವಿಶ್ವವಿದ್ಯಾಲಯದಲ್ಲಿ ಪರರ ಸಾಕ್ಷ್ಯವನ್ನು ಅನುಮಾನಿಸಲು ಕಲಿತವನು ನಾನು. ನನ್ನದನ್ನು ಮಾತ್ರ ಅನುಮಾನಿಸದೆ ಬಿಡುವುದು ಸರಿಯಲ್ಲ. ಅವರ ಶೇರ್ವಾನಿಯ ಕತ್ತಿನ ಗುಂಡಿ ಉಳಿದ ಗುಂಡಿಗಳ ಬಣ್ಣದ್ದಾಗಿರಲಿಲ್ಲ ಎಂಬುದೊಂದರಲ್ಲಿ ನಾನೂ ಅಕ್ಕನೂ ಒಪ್ಪುತ್ತೇವೆ.

ಅವು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಮಾನ್ವಿಯ ನಮ್ಮ ಶಾಲೆಯಲ್ಲಿ ಐದನೆಯ ಜಮಾತಿನಿಂದ ಲೆಕ್ಕ, ಭೂಗೋಳ ಎಲ್ಲವೂ ಉರ್ದುವಿನಲ್ಲಿ. ಮಾಸ್ತರರು ಏಕಾದಶಿಗೆ ನೀರೂ ಮುಟ್ಟದ ವೈಷ್ಣವರು. ಅವರ ಉರ್ದುವಿಗೆ ಕಚೇರಿಯ ಗುಮಾಸ್ತರೂ ಕಿವಿಗೊಡುತ್ತಿದ್ದರು. ಪಾಠವನ್ನು ಉರ್ದುವಿನಲ್ಲಿ ಹೇಳಿ, ಹಲಗೆ ಒರೆಸುವ ನೆವದಲ್ಲಿ ನಮಗೆ ಬೆನ್ನು ತಿರುಗಿಸಿ, ಅದನ್ನೇ ಕನ್ನಡದಲ್ಲಿ ಗೊಣಗುವುದು ಅವರ ರೂಢಿ.

"ನಾ ಹಲಗಿಗೆ ಹೇಳಾಕತ್ತೀನಿ. ನಿಮಗ ಕೇಳಿಸಿದ್ರ ನನ್ ತಪ್ಪಲ್ಲ," ಎನ್ನುವರು.

ಹಲಗೆಗೆ ಹೇಳಿದ್ದು ಸಾಲದವರಿಗೆ ಸಂಜೆ ಅವರ ಮನೆಯ ಪಡಸಾಲೆಯಲ್ಲಿ ಪಾಠ. ನಾವು ನಾಲ್ಕೈದು ಮಂದಿ ಹೋಗುತ್ತಿದ್ದೆವು, ಎಲ್ಲರೂ ಅವರ ಪಡಸಾಲೆ ಹತ್ತಬಹುದಾದ ಮನೆತನದವರು. ಹತ್ತಲಾಗದವನೂ ಒಬ್ಬನಿದ್ದ. ಹಿರೇಕೊಟ್ನೆಕಲ್‌ನ ಕೂಲಿಯವರ ಮಗ. ಮಾನ್ವಿಯಲ್ಲಿ ಸೋದರತ್ತೆಯ ಗುಡಿಸಲಿನಲ್ಲಿದ್ದು ಓದುತ್ತಿದ್ದ. ಶಾಲೆಯಲ್ಲಿ ಬಾಗಿಲ ಬಳಿ, ಇಲ್ಲಿ ಬೀದಿಯಾಚೆ ಎದುರು ಗೋಡೆಯ ಬುಡದಲ್ಲಿ ಕೂರುತ್ತಿದ್ದ. ಮಾಸ್ತರರು ಅವನನ್ನು ಕರೆದವರೂ ಅಲ್ಲ, ಓಡಿಸಿದವರೂ ಅಲ್ಲ. ಬೀದಿಯ ಆ ಬದಿಗೂ ಕೇಳುವಂತೆ ದನಿ ಏರಿಸಿ ಹೇಳುತ್ತಿದ್ದರು, ಅಷ್ಟೆ. ಲೆಕ್ಕದಲ್ಲಿ ಅವನು ನನಗಿಂತ ಚುರುಕು. ಇದನ್ನು ನಾನು ಆಗ ಯಾರ ಮುಂದೆಯೂ ಒಪ್ಪಿರಲಿಲ್ಲ.

ಕೆಲವು ದಿನಗಳಾದ ಮೇಲೆ ನೆರೆಮನೆಯ ಹಿರಿಯರೊಬ್ಬರು ಕಟ್ಟೆಗೆ ಬಂದು ನಿಂತರು. "ಏನ್ರಿ ಮಾಸ್ತರ್ರ, ಇಡೀ ಓಣಿಗೇ ಪಾಠ ಹೇಳಾಕತ್ತೀರೋ?"

ಮಾಸ್ತರರು ನಕ್ಕರು. ಮರುದಿನದಿಂದ ಅವರ ದನಿ ಇಳಿಯಿತು. ಹುಡುಗ ಮಾತ್ರ ಅದೇ ಗೋಡೆಯ ಬುಡಕ್ಕೆ ಬರುವುದನ್ನು ಬಿಡಲಿಲ್ಲ.

'ಕಲ್' ಶಬ್ದದ ಪಾಠ ಆದದ್ದು ದನಿ ಇಳಿದ ಮೇಲೆ. "ಕಲ್ ಅಂದ್ರ ನಿನ್ನಿನೂ ಹೌದು, ನಾಳಿನೂ ಹೌದು. ಕೊನಿಗೆ 'ಥಾ' ಬಂದ್ರ ನಿನ್ನಿ, 'ಗಾ' ಬಂದ್ರ ನಾಳಿ."

"ಹಂಗಂದ್ರ ನಿನ್ನಿ ಬಿದ್ದ ಏಟು ನಾಳಿನೂ ಬೀಳ್ತಾವೇನ್ರಿ ಮಾಸ್ತರ್?" ಎಂದ ನಮ್ಮಲ್ಲೊಬ್ಬ.

"ನಿನಗಂತೂ ಬೀಳ್ತಾವ," ಎಂದರು.

ಚಳಿಗಾಲದಲ್ಲಿ ರಾಯಚೂರಿನಿಂದ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ನಮ್ಮ ಜಮಾತಿನಿಂದ ಒಬ್ಬನನ್ನು ಆರಿಸಿ ವಜೀಫೆ, ಅಂದರೆ ವಿದ್ಯಾರ್ಥಿವೇತನ, ಕೊಟ್ಟು ರಾಯಚೂರಿಗೆ ಕರೆಸಿಕೊಳ್ಳುವುದಿತ್ತು. ಊಟ, ವಸತಿ ಸರ್ಕಾರದ್ದು. ನನಗೆ ಅದು ಸಿಗದಿದ್ದರೂ ಅಪ್ಪ ಓದಿಸುತ್ತಿದ್ದರು. ಬಾಗಿಲ ಬಳಿಯವನಿಗೆ ಸಿಗದಿದ್ದರೆ ಓದು ಅಲ್ಲಿಗೇ ಮುಗಿದಂತೆ. ಲೆಕ್ಕದ ಪರೀಕ್ಷೆಯಲ್ಲಿ ಅವನೇ ಮೊದಲು ಬಂದ. ಆಮೇಲೆ ಸಾಹೇಬರು ನಮ್ಮ ಉರ್ದು ನೋಡಲು ಸಾಲಾಗಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತ ಬಂದರು: "ಕಲ್ ಕಹಾಂ ಥೇ?" ನಿನ್ನೆ ಎಲ್ಲಿದ್ದೆ ಎಂದು.

"ಕಲ್ ಮೈ ಮದರಸೇ ಮೇಂ ಥಾ," ನಿನ್ನೆ ಶಾಲೆಯಲ್ಲಿದ್ದೆ ಎಂದೆ ನಾನು. ನನ್ನ ನಂತರದವರೂ ಅದನ್ನೇ ಒಪ್ಪಿಸಿದರು.

ಅವನ ಸರದಿ ಬಂತು. ಕಾಲು ಮೊಣಕಾಲಿನವರೆಗೆ ಧೂಳಾಗಿತ್ತು. ಎದ್ದು ನಿಂತು ಹೇಳಿದ: "ಹಿರೇಕೊಟ್ನೆಕಲ್."

ಮೊದಲು ನಕ್ಕವರು ಯಾರು? ನನ್ನ ನೆನಪಿನಲ್ಲಿ ಮಾಸ್ತರರು. ಅವರು ನಕ್ಕದ್ದರಿಂದ ನಾವೂ ನಕ್ಕೆವು. ಸಾಹೇಬರು ಹುಬ್ಬೇರಿಸಿದಾಗ ಮಾಸ್ತರರು ತಮ್ಮ ಸೊಗಸಾದ ಉರ್ದುವಿನಲ್ಲಿ ವಿವರಿಸಿದರು: ಕನ್ನಡದಲ್ಲಿ ಕಲ್ ಎಂದರೆ ಬಂಡೆ, ಹುಜೂರ್, ಇವನ ಊರಿನ ಹೆಸರೂ ಕಲ್ ಎಂದೇ ಮುಗಿಯುತ್ತದೆ, ತಾವು ಯಾವ ಕಲ್ ಎಂದು ಕೇಳಿದಿರಿ ಅಂದುಕೊಂಡಿದ್ದಾನೆ. ಸಾಹೇಬರಿಗೆ ಆ ವಿವರಣೆ ಬಹಳ ಹಿಡಿಸಿತು, ಅವರೂ ನಕ್ಕರು.

"ಇಲ್ರಿ ಮಾಸ್ತರ್, ನಿನ್ನಿ..." ಎಂದು ಹುಡುಗ ಏನೋ ಹೇಳಹೊರಟ. 'ನಿನ್ನಿ' ಎಂದನೇ? ಹಾಗೆ ನನ್ನ ಕಿವಿಯಲ್ಲಿದೆ. ಆದರೆ ನನ್ನ ಕಿವಿಯನ್ನು ನಾನು ನಂಬುವುದಿಲ್ಲ.

"ಕೂಡೋ ಲೇ," ಎಂದರು ಮಾಸ್ತರರು.

ವಜೀಫೆ ನನಗೆ ಬಂತು. ಹುಡುಗ ಯುಗಾದಿಯ ತನಕ ಬಂದು ಆಮೇಲೆ ನಿಂತ. ಅವನು ಬರುತ್ತಿದ್ದಷ್ಟು ದಿನವೂ ನಾವು ಅವನನ್ನು 'ಕಲ್ಲಾ' ಎಂದೇ ಕರೆದೆವು. ಮಾಸ್ತರರು ಆ ಹೆಸರನ್ನು ಬಳಸಲಿಲ್ಲ, ನಮ್ಮನ್ನು ತಡೆಯಲೂ ಇಲ್ಲ. ಅವನು ಹೋದ ಮೇಲೆ ಹಲಗೆಗೆ ಕನ್ನಡ ಹೇಳುವುದನ್ನು ಅವರು ಬಿಟ್ಟರೆಂದು ನನ್ನ ಕಿರಿಯ ಗೆಳೆಯರು ಹೇಳಿದ್ದುಂಟು. ಅಷ್ಟರಲ್ಲಿ ನಾನು ರಾಯಚೂರಿನಲ್ಲಿದ್ದೆ.

ಪದವಿ ಮುಗಿಸಿ ಬಂದಾಗ ಮಾಸ್ತರರು ದೇವದುರ್ಗದಲ್ಲಿ ಮಗಳ ಮನೆಯಲ್ಲಿದ್ದರು. ನಿಜಾಮರ ಸರ್ಕಾರ ಹೋಗಿತ್ತು. ರೂಮಿ ಟೋಪಿ ಎಲ್ಲಿ ಹೋಯಿತೋ, ಬೋಳುತಲೆಯಲ್ಲಿ ಗೋಡೆಗೊರಗಿ ಕೂತಿದ್ದರು. ಕಾಲುಗಳು ಬಾತು ಹೊಳೆಯುತ್ತಿದ್ದವು.

"ಆ ಹುಡುಗ ಎಲ್ಲಿದ್ದಾನೋ?" ಎಂದು ಕೇಳಿದರು. ಯಾವ ಹುಡುಗ ಎಂದು ನಾನು ಕೇಳಬೇಕಾಗಲಿಲ್ಲ.

"ಬಾಗಲವಾಡದಾಗ ಯಾರದೋ ಹೊಲದಾಗ ದುಡೀತಾನಂತ್ರಿ."

ಬಾತ ಕಾಲನ್ನು ಕೈಯಿಂದ ಎತ್ತಿ ಪಕ್ಕಕ್ಕಿಟ್ಟುಕೊಂಡರು. "ಅಂವಾ ತಪ್ಪು ಹೇಳಿದ್ದಿಲ್ಲಪಾ. ಅವತ್ತು ಖರೇನ ಹೇಳಿದ್ದ. ಸಾಹೇಬ್ರ ಮುಂದ ನನಗ ನಗು ಮೊದ್ಲ ಬಂತು, ನೆನಪು ಆಮ್ಯಾಲ ಬಂತು."

"ಆಮ್ಯಾಲರ ಹೇಳಬಹುದಿತ್ತಲ್ರಿ?"

"ಸಾಹೇಬ್ರು ನಕ್ಕಿದ್ರಲ್ಲೋ," ಎಂದರು. ಅದೇ ಉತ್ತರ ಎಂಬಂತೆ.

ನಾನು ನಂಬಲಿಲ್ಲ. ಸಾವು ಹತ್ತಿರವಾದವರು ತಮ್ಮ ತಪ್ಪುಗಳನ್ನು ದೊಡ್ಡದು ಮಾಡಿಕೊಂಡು ನೋಡುತ್ತಾರೆ ಎಂದುಕೊಂಡೆ. ನಂಬಿದರೆ ನನ್ನ ವಜೀಫೆ, ರಾಯಚೂರು, ಪದವಿ ಎಲ್ಲವೂ ಆ ನಗುವಿನ ಮೇಲೆ ನಿಂತವು ಎಂದಾಗುತ್ತಿತ್ತು. ಅವರು ಆ ಬೇಸಿಗೆಯಲ್ಲಿ ತೀರಿಕೊಂಡರು. ನನಗೆ ಉರ್ದು ಕೊಟ್ಟವರು ಅವರು, ಅದರಿಂದಲೇ ನಾನು ಅನ್ನ ತಿಂದೆ. ಆದರೂ ಅಂತ್ಯಕ್ರಿಯೆಗೆ ದೇವದುರ್ಗಕ್ಕೆ ಹೋಗಲಿಲ್ಲ.

ವರ್ಷವೊಂದು ಕಳೆದ ಮೇಲೆ ಶಾಲೆಗೆ ಹೋಗಿ ಹಳೆಯ ಬೀರು ತೆಗೆಸಿದೆ. ಇನ್‌ಸ್ಪೆಕ್ಟರ್ ಸಾಹೇಬರು ಸಹಿ ಮಾಡಿದ ಭೇಟಿ ಪುಸ್ತಕ ಸಿಕ್ಕಿತು, ಅದರಿಂದ ತಾರೀಖು ತಿಳಿಯಿತು. ಹಾಜರಿ ಪಟ್ಟಿಯಲ್ಲಿ ಅದರ ಹಿಂದಿನ ದಿನದ ಮನೆ ನೋಡಿದೆ. ಹುಡುಗನ ಹೆಸರಿನ ಮುಂದೆ ಗೈರುಹಾಜರಿಯ ಗುರುತಿತ್ತು. ಪಕ್ಕದಲ್ಲಿ, ಮಾಸ್ತರರದೇ ದುಂಡನೆಯ ಉರ್ದು ಅಕ್ಷರಗಳಲ್ಲಿ ಷರಾ: ತಾಯಿಗೆ ಕಾಯಿಲೆ, ಹಿರೇಕೊಟ್ನೆಕಲ್‌ಗೆ ಹೋಗಿದ್ದಾನೆ.