ಹೆಸರಿಲ್ಲದ ಗಾಡಿಯ ತಾಯಿ

ಕಾಟಯ್ಯನ ಬಗ್ಗೆ ಬರೆಯುವ ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಂಡುಬಿಡುತ್ತೇನೆ. ಹತ್ತು ವರ್ಷ ನನ್ನ ಅಂಗಡಿಯಲ್ಲಿ ದುಡಿದ ಆ ಮನುಷ್ಯನನ್ನು ನಾನು ಕುರಿ ಕಾಯುವವನು ಎಂದೇ ಆಡಿಕೊಂಡು ಬಂದಿದ್ದೆ.

ಹಿರಿಯೂರಿನ ಹೆದ್ದಾರಿ ಪಕ್ಕದಲ್ಲಿ ನನ್ನದು ವಾಹನಗಳ ಬಿಡಿಭಾಗದ ಅಂಗಡಿ. ಬಾಗಿಲ ಮೇಲೆ 'ಮುರುಗಪ್ಪ ಆಟೋ ಸ್ಟೋರ್ಸ್' ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದೆ. ಒಳಗೆ ಹದಿನೇಳು ಕಂಪನಿ ಕ್ಯಾಟಲಾಗುಗಳಿದ್ದವು. ಯಾವ ಭಾಗ ಯಾವ ಗಾಡಿಯದೆಂದು ಪುಟ ತೆಗೆದು ತೋರಿಸುವುದರಲ್ಲಿ ನನಗೆ ಎಲ್ಲಿಲ್ಲದ ಜಂಬ. ಕಾಟಯ್ಯನಿಗೆ ಓದು ಬಾರದು. ಧರ್ಮಪುರದ ಕಡೆಯ ಗೊಲ್ಲರ ಹಟ್ಟಿಯವನು. ರೋಗ ಬಂದು ಮಂದೆಯೆಲ್ಲ ಸತ್ತ ಮೇಲೆ ಪಟ್ಟಣ ಸೇರಿ ಸ್ಪ್ಯಾನರ್ ಹಿಡಿದಿದ್ದ. ರಸ್ತೆಯಲ್ಲಿ ಸದ್ದು ಕೇಳಿದರೆ ಸಾಕು, ತಲೆ ಎತ್ತದೆಯೇ "ಸಣ್ಣಪ್ಪನ ಲಾರಿ ಬಂತು, ಗೇರ್ ಬಾಕ್ಸ್ ನರಳ್ತೈತೆ" ಎನ್ನುತ್ತಿದ್ದ. ಸಣ್ಣಪ್ಪನದೇ ಆಗಿರುತ್ತಿತ್ತು. ಏನೋ ಬಾಯಿಗೆ ಬಂದದ್ದು ಹೇಳಿದ, ಸರಿಹೋಯಿತು ಎಂದು ನಾನು ತಳ್ಳಿಹಾಕುತ್ತಿದ್ದೆ.

ಎಪ್ಪತ್ತೇಳನೇ ಇಸವಿಯ ಬೇಸಿಗೆ. ಒಂದು ಶುಕ್ರವಾರ ಬೆಳಿಗ್ಗೆ ಟ್ರ್ಯಾಕ್ಟರಿಗೆ ಹಗ್ಗ ಬಿಗಿಸಿಕೊಂಡು ವಿಚಿತ್ರವಾದ ಗಾಡಿಯೊಂದು ಅಂಗಡಿ ಮುಂದೆ ಬಂದು ನಿಂತಿತು. ಮೂತಿಯಿಂದ ಬಾಲದವರೆಗೆ ಚಪ್ಪಟೆ ತಗಡು, ಎಲ್ಲೂ ಒಂದು ಬಾಗು ಇಲ್ಲ. ಬಾಗಿಲಿನ ಜಾಗದಲ್ಲಿ ಕ್ಯಾನ್ವಾಸ್ ಬಟ್ಟೆ. ಕಂಪನಿಯ ಹೆಸರಿಲ್ಲ, ಗುರುತಿಲ್ಲ. ನಮ್ಮೂರಿನ ಟ್ರಂಕು ಮಾಡುವವನು ಬಿಡುವಿದ್ದಾಗ ಬಡಿದು ಕೂಡಿಸಿದ ಹಾಗಿತ್ತು. ಸ್ಟೀರಿಂಗ್ ಹಿಡಿದು ಕುಳಿತಿದ್ದವಳು, ಹಣೆ ತುಂಬ ಕುಂಕುಮವಿಟ್ಟ ಮೂವತ್ತರ ಹೆಂಗಸು.

ಅವಳು ಕಾಟಯ್ಯನ ಹಟ್ಟಿಯ ಜುಂಜಮ್ಮ. ಬರಗಾಲದ ವರ್ಷ ಕೊಳವೆಬಾವಿ ಕೊರೆಯಲು ಬಂದ ಹೊರದೇಶದ ಸಂಸ್ಥೆಯವರು ಈ ಗಾಡಿಯನ್ನು ಹಡಗಿನಲ್ಲಿ ತರಿಸಿದ್ದರಂತೆ. ಬಡ ದೇಶಗಳಿಗೆಂದೇ ಅಗ್ಗವಾಗಿ ಕಟ್ಟಿದ ಗಾಡಿ. ಅವರಲ್ಲೊಬ್ಬ ಹೆಂಗಸು ಜುಂಜಮ್ಮನಿಗೆ ಓಡಿಸುವುದನ್ನು ಕಲಿಸಿ, ಲೈಸೆನ್ಸ್ ಕೊಡಿಸಿ, ಗಾಡಿಯನ್ನು ಪಂಚಾಯ್ತಿಗೆ ಒಪ್ಪಿಸಿ ತನ್ನ ದೇಶಕ್ಕೆ ಹೋದಳು. ಅಂದಿನಿಂದ ಎರಡು ಮೈಲಿ ದೂರದ ಬಾವಿಯಿಂದ ಮೂರು ಹಟ್ಟಿಗಳಿಗೆ ಡ್ರಮ್ಮುಗಳಲ್ಲಿ ನೀರು ತರುವುದು ಜುಂಜಮ್ಮನ ಕೆಲಸ. ಈಗ ಕ್ಲಚ್ ಪ್ಲೇಟು ಸವೆದು ಗಾಡಿ ಕದಲುತ್ತಿರಲಿಲ್ಲ. ಹೊಸ ಪ್ಲೇಟು ಕೇಳಲು ಹೋದಲ್ಲೆಲ್ಲ "ಯಾವ ಗಾಡಿದು?" ಎನ್ನುತ್ತಿದ್ದರು.

"ಸೋಮವಾರ ಗುಜರಿಯವ್ನು ಬರ್ತಾನ್ರಿ," ಎಂದಳು ಜುಂಜಮ್ಮ. "ಅಷ್ಟ್ರಾಗೆ ಓಡ್ಲಿಲ್ಲ ಅಂದ್ರೆ ತೂಕಕ್ಕೆ ಹಾಕ್ತಾರಂತೆ. ಮತ್ತೆ ಕೊಡ ಹೊರಾಕೆ ನಂಗೇನು ಬ್ಯಾಸ್ರ ಇಲ್ರಿ. ಸ್ಟೀರಿಂಗ್ ಬಿಡಾಕೆ ಮಾತ್ರ ಆಗಲ್ಲ."

ಹದಿನೇಳು ಕ್ಯಾಟಲಾಗನ್ನೂ ತಿರುವಿದೆ. ಮಧ್ಯಾಹ್ನದ ಹೊತ್ತಿಗೆ ಬೆವರು ಸುರಿಯುತ್ತಿತ್ತು, ಸಿಟ್ಟೂ ನೆತ್ತಿಗೇರಿತ್ತು. ನನ್ನ ಪುಸ್ತಕದಲ್ಲಿಲ್ಲದ ಗಾಡಿ ನನಗೆ ಮಾಡಿದ ಅವಮಾನದಂತೆ ಕಂಡಿತು. "ಇದಕ್ಕೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ ಕಣಮ್ಮ. ಗುಜರಿಗೆ ಹಾಕು," ಎಂದು ಹೇಳಿದ್ದಲ್ಲದೆ, ಅದನ್ನೇ ಕಾಗದದ ಮೇಲೆ ಬರೆದು, ಅಂಗಡಿಯ ಸೀಲು ಒತ್ತಿ, ಟ್ರ್ಯಾಕ್ಟರಿನವನ ಕೈಯಲ್ಲಿ ಪಂಚಾಯ್ತಿ ಚೇರ್ಮನ್ನರಿಗೆ ಕಳಿಸಿಯೂ ಬಿಟ್ಟೆ.

ಆಗ ಕಾಟಯ್ಯ ಬಾಯಿ ತೆರೆದ. "ತಾಯಿ ಇಲ್ದ ಮರಿ ಎಲ್ಲೈತ್ರಿ ಸಾವ್ಕಾರ್ರೆ?"

"ಲೇ ಕಾಟ, ಇದು ಕುರಿ ಅಲ್ವೋ!"

"ಎರಡು ಮಂದೆ ಬೆರ್ತಾಗ ಮೈಬಣ್ಣ ನೋಡಿ ತಾಯಿ ಹುಡುಕ್ಬಾರ್ದ್ರಿ, ಮೋಸ ಹೋಗ್ತೀವಿ. ಮರಿನ ಕೂಗಿಸ್ಬೇಕು, ಕೂಗಿನಾಗೆ ತಾಯಿ ಸಿಗ್ತೈತೆ. ಇದ್ರ ಮೈ ಬರೀ ತಗಡು, ಯಾರ್ ಬೇಕಾದ್ರೂ ಹೊದಿಸ್ತಾರೆ. ಜುಂಜವ್ವಾ, ಇಂಜಿನ್ ಹಚ್ಚು."

ಅವಳು ಇಂಜಿನ್ ಚಾಲೂ ಮಾಡಿದಳು. ಕಾಟಯ್ಯ ಮಣ್ಣಿನಲ್ಲೇ ಕುಕ್ಕರುಗಾಲಲ್ಲಿ ಕುಳಿತು ಕಣ್ಣು ಮುಚ್ಚಿದ. ನಾನು ಏನೋ ಹೇಳಹೋದರೆ ಸುಮ್ಮನಿರಿ ಎಂದು ಕೈ ಮಾಡಿದ. ನನಗೆ, ಅಂಗಡಿ ಮಾಲೀಕನಿಗೆ! ಒಂದು ಬೀಡಿ ಸೇದುವಷ್ಟು ಹೊತ್ತು ಕೇಳಿ ಎದ್ದು ನಿಂತ.

"ಈ ಕೂಗು ಹೊಳಲ್ಕೆರೆಯಾಗೆ ಕೇಳಿದೀನಿ. ಹಾಲಸ್ವಾಮಿ ಡಾಕ್ಟ್ರ ಕಾರು."

ನಾನು ಗಹಗಹಿಸಿ ನಕ್ಕೆ. ಹಾಲಸ್ವಾಮಿ ಡಾಕ್ಟರು ಮಲಯಾದಲ್ಲಿ ಕೆಲಸದಲ್ಲಿದ್ದು, ಊರಿಗೆ ಮರಳುವಾಗ ಪುಟ್ಟದೊಂದು ವಾಕ್ಸ್‌ಹಾಲ್ ವೀವಾ ಕಾರು ತಂದಿದ್ದರು. ಐದು ವರ್ಷದ ಹಿಂದೆ ಕಾಟಯ್ಯ ಅದಕ್ಕೆ ಫ್ಯಾನ್ ಬೆಲ್ಟ್ ಹಾಕಿ ಬಂದದ್ದು ನಿಜ. ಆದರೆ ನುಣ್ಣನೆಯ ಆ ಕಾರಿಗೂ ಈ ಟ್ರಂಕಿಗೂ ಎಲ್ಲಿಯ ನಂಟು? ಅವನು ಸೋತು ಬರುವುದನ್ನು ಕಣ್ಣಾರೆ ನೋಡಲೆಂದೇ ನಾನೂ ಜೊತೆಗೆ ಹೊರಟೆ.

ಶನಿವಾರ ಮೊದಲ ಬಸ್ಸು ಹಿಡಿದು ಚಿತ್ರದುರ್ಗದ ಮೇಲೆ ಹೊಳಲ್ಕೆರೆಗೆ ಹೋದೆವು. ಬಿಚ್ಚಿದ ಹಳೆಯ ಪ್ಲೇಟನ್ನು ಜುಂಜಮ್ಮ ಟವಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಡಾಕ್ಟರಿಗೆ ಈಗ ಕಣ್ಣು ಮಂಜು. ಕಾರು ಹೊರಗೆ ಹೋಗಿ ಎರಡು ವರ್ಷವಾಗಿತ್ತು. ಆದರೂ ದಿನಾ ಬೆಳಿಗ್ಗೆ ಒಮ್ಮೆ ಚಾಲೂ ಮಾಡಿ ನಿಲ್ಲಿಸುತ್ತಿದ್ದರು. ನಮ್ಮ ಕತೆ ಕೇಳಿ ಉತ್ಸಾಹದಿಂದ ಬೀಗದ ಕೈ ತಿರುಗಿಸಿದರು.

ಇಂಜಿನ್ ಇನ್ನೂ ಬಿಸಿಯಾಗಿರಲಿಲ್ಲ, ಕಾಟಯ್ಯನ ಮುಖ ಅರಳಿತು. "ಅದೇ ಕೂಗು ಕಣಣ್ಣೋ!" ಎಂದು ಜುಂಜಮ್ಮ ಚಪ್ಪಾಳೆ ತಟ್ಟಿದಳು. ನಾನು ಬಾನೆಟ್ ಎತ್ತಿ ನೋಡಿದೆ. ಹಿರಿಯೂರಿನಲ್ಲಿ ಬಿಟ್ಟು ಬಂದಿದ್ದ ಇಂಜಿನ್ನೇ ಇಲ್ಲಿಯೂ ಕುಳಿತಿತ್ತು. ಕಾರಿನ ಇಂಜಿನ್ನಿಗೆ ತಗಡು ಹೊದಿಸಿ ಜುಂಜಮ್ಮನ ಗಾಡಿ ಮಾಡಿದ್ದರು.

ಡಾಕ್ಟರು ಒಳಗಿನಿಂದ ಮರದ ಪೆಟ್ಟಿಗೆ ತರಿಸಿದರು. ಮಲಯಾದಿಂದ ತಂದ ಬಿಡಿಭಾಗಗಳ ನಡುವೆ, ಎಣ್ಣೆ ಕಾಗದದಲ್ಲಿ ಸುತ್ತಿದ ಹೊಸ ಕ್ಲಚ್ ಪ್ಲೇಟು ಇತ್ತು. ಕಾಟಯ್ಯ ಹಳೆಯದರ ಮೇಲೆ ಅದನ್ನಿಟ್ಟ. ಅಂಚಿಗೆ ಅಂಚು, ಹಲ್ಲಿಗೆ ಹಲ್ಲು ಕೂತಿತು.

"ತಗೊಂಡು ಹೋಗಮ್ಮ," ಎಂದರು ಡಾಕ್ಟರು. "ಆದ್ರೆ ಒಂದು ಷರತ್ತು. ಈ ಕಾರಲ್ಲಿ ಕೂತು ಊರು ಸುತ್ತಿ ಎರಡು ವರ್ಷ ಆಯ್ತು. ನಿಮ್ಮಲ್ಲಿ ಓಡ್ಸೋರು ಯಾರು?"

ಹದಿನೇಳು ಕ್ಯಾಟಲಾಗಿನ ಒಡೆಯನಾದ ನನಗೆ ಡ್ರೈವಿಂಗ್ ಬರುವುದಿಲ್ಲ. ಜುಂಜಮ್ಮ ಸೆರಗು ಬಿಗಿದು ಹತ್ತಿದಳು. ಪೇಟೆ ಬೀದಿಯಲ್ಲಿ ಹಾಯ್ದು ಗಣಪತಿ ಗುಡಿಯವರೆಗೆ ಹೋಗಿ, ಅಲ್ಲಿಂದ ಹಿಂದಿರುಗಿ, ಡಾಕ್ಟರು ಕೇಳಿದರೆಂದು ಮತ್ತೊಂದು ಸುತ್ತು ಹೊಡೆದಳು. ಅಂಗಡಿಯವರೆಲ್ಲ ತಕ್ಕಡಿ ಬಿಟ್ಟು ಹೊರಗೆ ಬಂದರು. "ಹಾರ್ನ್ ಹೊಡಿಯಮ್ಮ, ಇನ್ನೊಂದ್ಸಲ ಹೊಡಿ!" ಎಂದು ಡಾಕ್ಟರು ಕಿಟಕಿಯಿಂದ ಕೈ ಬೀಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಕಾಟಯ್ಯ ಕಣ್ಣು ಮುಚ್ಚಿ ಇಂಜಿನ್ ಕೇಳುತ್ತಿದ್ದ. ಅಷ್ಟು ಖುಷಿಯಾಗಿ ನಾನು ಯಾವ ಮದುವೆ ದಿಬ್ಬಣದಲ್ಲೂ ಕೂತಿಲ್ಲ.

ಭಾನುವಾರವಿಡೀ ಕಾಟಯ್ಯ ಗಾಡಿಯ ಕೆಳಗೆ ಮಲಗಿ ಪ್ಲೇಟು ಕೂಡಿಸಿದ.

ಸೋಮವಾರ ಹಟ್ಟಿಯ ಬೇವಿನ ಮರದ ಕೆಳಗೆ ಚೇರ್ಮನ್ ತಿಪ್ಪೇರುದ್ರಪ್ಪನವರು ಗುಜರಿಯವನ ಜೊತೆ ಕುಳಿತಿದ್ದರು. ಗಾಡಿ ನೀರು ತುಂಬಿಕೊಂಡು ದಿಬ್ಬ ಹತ್ತಿ ಬಂತು. ಸದ್ದು ಕೇಳಿ ಹೆಂಗಸರೆಲ್ಲ ಕೊಡ ಹಿಡಿದು ಓಡಿ ಬಂದರು. ಹಿಂದೆ ಡ್ರಮ್ಮುಗಳ ಸಂದಿಯಲ್ಲಿ ಪಂಚೆ ತೋಯಿಸಿಕೊಂಡು ನಿಂತಿದ್ದ ನನ್ನನ್ನು ಕಂಡು ಚೇರ್ಮನ್ನರು ಜೇಬಿನಿಂದ ಕಾಗದ ತೆಗೆದರು.

"ಮುರುಗಪ್ಪಾರೆ, ಗುಜರಿಗೆ ಹಾಕ್ರಿ ಅಂತ ಬರ್ದಿರೋದು ನೀವೇ ಅಲ್ವೇನ್ರಿ? ಈಗ ಓಡ್ತೈತಲ್ಲ! ಯಾವ ಗಾಡಿರಿ ಇದು?"

"ನನಗೆ ಗೊತ್ತಾಗ್ಲಿಲ್ರಿ," ಎಂದೆ. ಜನ್ಮದಲ್ಲಿ ಆ ಮಾತು ಆಡಿದವನಲ್ಲ. ಆಡಿದ ಮೇಲೆ ಎದೆ ಹಗುರಾಯಿತು. "ಗೊತ್ತಿರೋರು ಮುಂದೆ ಕುಂತವ್ರೆ. ಕಾಟಯ್ಯಾರೆ, ಇಳೀರಿ. ಚೇರ್ಮನ್ರಿಗೆ ನೀವೇ ಹೇಳ್ರಿ."

ನಾನು ಯಾರನ್ನು ಕರೆದೆನೆಂದು ಕಾಟಯ್ಯ ತಿರುಗಿ ಹಿಂದೆ ನೋಡಿದ.